ಹೆಣದ ಉಸಿರು

ನಮ್ಮ ಊರಿನಲ್ಲಿ ಹೊಸದಾಗಿ ಏನು ಮಾಡಿದರೂ ಒರೆಗೆ ಹಚ್ಚಬೇಕು. ಮನೆ ಕಟ್ಟಿದರೂ ಅಷ್ಟೆ, ಮೊರ ಹೆಣೆದರೂ ಅಷ್ಟೆ, ಮದುವೆಗೆಂದು ಹೊಸ ಹಾಡು ಕಟ್ಟಿದರೂ ಅಷ್ಟೆ. ಒರೆಗೆ ಕೂರುವ ಮೂವರು ಚಾಪೆಯ ಮೇಲೆ ಕೂತು ಮೊದಲು ಗುಣ ಹೇಳುತ್ತಾರೆ, ಆಮೇಲೆ ದೋಷ ಹೇಳುತ್ತಾರೆ. ಗುಣ ಹೇಳಿದರೆ ಏನೂ ಆಗುವುದಿಲ್ಲ, ಹೇಳಿದವರ ಬಾಯಿ ಒಣಗುತ್ತದೆ ಅಷ್ಟೆ. ದೋಷ ಹೇಳಿದರೆ ಆ ದೋಷ ಹೋಗುತ್ತದೆ. ಬಾಗಿಲು ಸೊಟ್ಟಗಿದೆ ಅಂದರೆ ನೋಡನೋಡುತ್ತಿದ್ದಂತೆ ನೆಟ್ಟಗಾಗುತ್ತದೆ. ಉಪ್ಪಿನಕಾಯಿಗೆ ಖಾರ ಹೆಚ್ಚಾಯಿತು ಅಂದರೆ ಜಾಡಿಯೊಳಗಿನ ಕೆಂಪು ಸ್ವಲ್ಪ ಇಳಿಯುತ್ತದೆ.

ಹೊರಗಿನಿಂದ ಬಂದವರು ಇದನ್ನು ಕಂಡು ಎಂಥ ಪುಣ್ಯವಂತರು ನೀವು ಅನ್ನುತ್ತಾರೆ. ಅವರು ಎರಡು ದಿನ ಇದ್ದು ಹೋಗುವವರು, ಅವರಿಗೇನು ಗೊತ್ತು. ದೋಷ ಯಾವತ್ತೂ ಒಂಟಿಯಾಗಿ ಹೋಗುವುದಿಲ್ಲ. ತನಗೆ ಅಂಟಿಕೊಂಡಿದ್ದನ್ನೂ ಎಳೆದುಕೊಂಡೇ ಹೋಗುತ್ತದೆ. ಇದೇ ಊರಿನ ನನ್ನ ತವರುಮನೆಯಲ್ಲಿ ಒಂದು ತೊಟ್ಟಿಲಿತ್ತು. ಕಿರುಗುಟ್ಟುತ್ತದೆ ಎಂದು ಒರೆಯಲ್ಲಿ ಯಾರೋ ಹೇಳಿದರಂತೆ, ಕಿರುಗುಟ್ಟುವುದು ನಿಂತಿತು. ಆಮೇಲೆ ಆ ತೊಟ್ಟಿಲಿನಲ್ಲಿ ಒಂದು ಮಗುವೂ ನಿದ್ದೆ ಮಾಡಲಿಲ್ಲ. ಕೊನೆಗೆ ಅದರಲ್ಲಿ ಈರುಳ್ಳಿ ಹಾಕಿಟ್ಟೆವು. ಹೀಗಾಗಿ ನಮ್ಮ ಜನ ದೋಷದ ವಿಷಯದಲ್ಲಿ ಬಲು ಹುಷಾರು. ಚಾಪೆಯ ಮೇಲೆ ಕೂತು ಹೇಳಿದರೆ ಮಾತ್ರ ತಟ್ಟುತ್ತದೆ ಎಂದು ಗೊತ್ತಿದ್ದರೂ, ಇಲ್ಲಿನ ಅತ್ತೆಯಂದಿರು ಸೊಸೆಯನ್ನು ಬಯ್ಯಬೇಕಾದರೆ ಕೂತ ಕಡೆಯಿಂದ ಎದ್ದು ನಿಂತು ಬಯ್ಯುತ್ತಾರೆ.

ಚಾಪೆಗೆ ಅದರದೇ ಕಟ್ಟುಪಾಡುಗಳಿವೆ. ಮಾಡಿದವರ ಮನೆಯವರು ಬಾಯಿ ತೆಗೆಯುವಂತಿಲ್ಲ. ಕೂತ ಪ್ರತಿಯೊಬ್ಬರೂ ಒಂದಾದರೂ ದೋಷ ಹೇಳದೆ ಏಳುವಂತಿಲ್ಲ. ಇಲ್ಲದ ದೋಷವನ್ನು ಹುಟ್ಟಿಸಿ ಹೇಳಿದರೆ ನಡೆಯುವುದಿಲ್ಲ, ಇನ್ನೊಂದು ಹುಡುಕಬೇಕು. ಹಿಂದೆ ಒಬ್ಬ ಮುದುಕ ಒಂದು ಮೊರದಲ್ಲಿ ದೋಷ ಸಿಗದೆ ಚಾಪೆಯ ಮೇಲೇ ಉಂಡು ಅಲ್ಲೇ ಮಲಗಿದ್ದನಂತೆ. ಒಂದು ವಸ್ತು ಒಂದೇ ಸಲ ಒರೆಗೆ ಬರಬೇಕು. ಒರೆಯಾಗದ ವಸ್ತುವನ್ನು ನಮ್ಮಲ್ಲಿ ಯಾರೂ ಬಳಸುವುದಿಲ್ಲ, ಹೊರಗಿನವರಿಗೂ ಕೊಡುವುದಿಲ್ಲ.

ನನ್ನ ಮೈದುನ ತಿಮ್ಮರಾಜು ಒಂದು ಸಿನಿಮಾ ಮಾಡಿದ. ಮದುವೆ ಮುಂಜಿಗಳಿಗೆ ಫೋಟೋ, ವಿಡಿಯೊ ತೆಗೆಯುವ ಸ್ಟುಡಿಯೊ ಅವನದು. ವರ್ಷಗಟ್ಟಲೆ ಬೇರೆಯವರ ಆರತಕ್ಷತೆ ತೆಗೆದು ತೆಗೆದು ತಲೆ ಚಿಟ್ಟು ಹಿಡಿದಿತ್ತೋ ಏನೋ, ಒಂದು ದಿನ ಊಟಕ್ಕೆ ಕೂತವನು ತುತ್ತು ಕೈಯಲ್ಲೇ ಹಿಡಿದುಕೊಂಡು ಕಥೆ ಹೇಳಿದ. ಒಬ್ಬ ಜಿಪುಣ. ಮರ ಉಳಿಸಲಿಕ್ಕೆಂದು ಮನೆಗೆ ಕಿರಿದಾದ ಬಾಗಿಲು ಇಡಿಸಿರುತ್ತಾನೆ. ವಯಸ್ಸಾಗುತ್ತ ದಪ್ಪಗಾಗುತ್ತಾನೆ, ಸಾಯುತ್ತಾನೆ. ಚಟ್ಟ ಬಾಗಿಲಲ್ಲಿ ಹಿಡಿಸುವುದಿಲ್ಲ. ಬಾಗಿಲು ಒಡೆಯೋಣ ಅಂದರೆ ಅದು ಹಿರಿಮಗನ ಪಾಲಿಗೆ ಬಂದದ್ದು, ಗೋಡೆ ಒಡೆಯೋಣ ಅಂದರೆ ಅದು ಕಿರಿಮಗನ ಪಾಲಿನದು. ಅವರ ಜಗಳ ಮುಗಿಯುವುದಿಲ್ಲ, ಹೆಣ ಹೊರಡುವುದಿಲ್ಲ. ದಿನ ಕಳೆದಂತೆ ಮನೆಯವರು ಹೆಣಕ್ಕೆ ಹೊಂದಿಕೊಳ್ಳುತ್ತಾರೆ. ಅದರ ಕಾಲ್ಬೆರಳಿಗೆ ಚೀಲ ನೇತುಹಾಕುತ್ತಾರೆ, ಎದೆಯ ಮೇಲೆ ಕಾಫಿ ಲೋಟ ಇಡುತ್ತಾರೆ.

ನನ್ನ ಗಂಡ ಮುದ್ದರಂಗ ಇದನ್ನು ಕೇಳಿ ಅನ್ನ ನೆತ್ತಿಗೇರುವಷ್ಟು ನಕ್ಕರು. "ಹೆಣ ನಾನೇ ಆಯ್ತೀನಿ ಕಣೋ. ಮಾತಿಲ್ಲ ಕತೆಯಿಲ್ಲ, ಮಲಗಿದ್ರಾಯ್ತು. ಇಂಥ ಪಾರ್ಟು ಯಾರಿಗುಂಟು" ಅಂದರು.

"ಉಸಿರು ಹಿಡಿಯಕ್ಕಾಗ್ತದಾ ನಿಂಗೆ?" ಎಂದು ತಿಮ್ಮರಾಜು ಕೇಳಿದ.

"ಲೇ, ಬ್ಯಾಂಡ್ ಸೆಟ್ಟಲ್ಲಿ ಕ್ಲಾರಿಯೊನೆಟ್ ಊದೋನ್ನ ಉಸಿರು ಹಿಡೀತೀಯಾ ಅಂತ ಕೇಳ್ತೀಯಲ್ಲೋ. ಉಸಿರೇ ನನ್ನ ಕಸುಬು."

ನಮ್ಮ ಮನೆಯ ನಡುಮನೆಯಲ್ಲೇ ಸಿನಿಮಾ ಶುರುವಾಯಿತು. ಬಡವರ ಮನೆಯ ಸಿನಿಮಾ. ಲೈಟಿನ ಮುಂದೆ ಕಟ್ಟಿದ್ದು ನನ್ನ ಲಂಗದ ಬಟ್ಟೆ. ಸಾವಿಗೆ ಬಂದ ಜನ ಎಂದರೆ ಅಕ್ಕಪಕ್ಕದ ಮನೆಯ ನಾಲ್ಕೇ ಮಂದಿ, ಪ್ರತಿ ಸಲವೂ ಶಾಲು ಬದಲಾಯಿಸಿಕೊಂಡು ಒಳಗೆ ಬಂದು ಅತ್ತು ಹೋಗುತ್ತಿದ್ದರು. ಮೈಕನ್ನು ಸೊಳ್ಳೆಪರದೆಯ ಕೋಲಿಗೆ ಕಟ್ಟಿ ನನ್ನ ಕೈಗೆ ಕೊಟ್ಟಿದ್ದರು. ಅಡುಗೆ ಮಾಡುವುದು, ಬಟ್ಟೆ ಹೊಲಿಯುವುದು, ಉಳಿದ ಹೊತ್ತಿನಲ್ಲಿ ಆ ಕೋಲು ಹಿಡಿದು ನಿಲ್ಲುವುದು ನನ್ನ ಕೆಲಸ. ಜೀವನದಲ್ಲಿ ಅಷ್ಟು ನಕ್ಕಿದ್ದು ನನಗೆ ನೆನಪಿಲ್ಲ. ಅತ್ತೆ ಪಡಸಾಲೆಯಲ್ಲಿ ಕೂತು, "ಬದುಕಿರೋ ಮಗನ್ನ ಹೆಣ ಮಾಡಿ ನಗ್ತೀರಲ್ಲ, ನಿಮಗೇನು ಬಂತು" ಎಂದು ಶಾಪ ಹಾಕುತ್ತಿದ್ದರು. ಆದರೆ ಬಾಗಿಲ ಸಂದಿಯಿಂದ ನೋಡುವುದನ್ನು ಮಾತ್ರ ಬಿಡಲಿಲ್ಲ.

ಲೋಟದ ದೃಶ್ಯ ಬಂತು. ಇವರು ಚಾಪೆಯ ಮೇಲೆ ಮೂಗಿಗೆ ಹತ್ತಿ ಇಟ್ಟುಕೊಂಡು ಮಲಗಿದರು. ಎದೆಯ ಮೇಲೆ ಹಿತ್ತಾಳೆ ಬಟ್ಟಲು, ಅದರಲ್ಲಿ ಲೋಟ, ಲೋಟದ ತುಂಬ ಕಾಫಿ. ಸೊಸೆಯ ಪಾತ್ರದವಳು ಅದನ್ನು ಮರೆತವಳಂತೆ ಎದ್ದು ಹೋಗುತ್ತಾಳೆ, ಕ್ಯಾಮೆರಾ ಹೆಣವನ್ನೇ ನೋಡುತ್ತಿರಬೇಕು. ಒಂದು ಗಳಿಗೆ ಲೋಟ ಅಲುಗಾಡಲಿಲ್ಲ. ಆಮೇಲೆ ನಿಧಾನಕ್ಕೆ ಮೇಲೆ ಹೋಯಿತು, ನಿಧಾನಕ್ಕೆ ಕೆಳಗೆ ಬಂತು. ಮತ್ತೆ ಮೇಲೆ. ಒಳಗೆ ನಗು ಉಕ್ಕಿ ಅವರ ಹೊಟ್ಟೆ ನಡುಗುತ್ತಿತ್ತು, ಬಟ್ಟಲಿಗೆ ಲೋಟ ತಾಗಿ ಟಿಣಿ ಟಿಣಿ ಎಂದಿತು. ನನಗೆ ತಡೆಯಲಾಗಲಿಲ್ಲ, ಕಿಸಕ್ಕನೆ ನಕ್ಕುಬಿಟ್ಟೆ. ಕೋಲಿನ ನೆರಳು ಹೋಗಿ ಅವರ ಎದೆಯ ಮೇಲೆ ಬಿತ್ತು.

"ಅತ್ತಿಗೇ!" ಎಂದು ತಿಮ್ಮರಾಜು ತಲೆ ಚಚ್ಚಿಕೊಂಡ. "ಹೆಣ ಉಸಿರಾಡ್ತದೆ, ಮೈಕ್ ಹಿಡಿದೋರು ನಗ್ತಾರೆ. ಮುಂದಿನ ವಾರ ಇದನ್ನ ಇನ್ನೊಂದ್ಸಲ ತೆಗೆಯೋಣ."

ಮುಂದಿನ ವಾರ ಒಂದು ಮದುವೆ ಮೆರವಣಿಗೆಯಲ್ಲಿ ಊದುತ್ತ ಊದುತ್ತ ನನ್ನ ಗಂಡ ನಡುಬೀದಿಯಲ್ಲಿ ಕುಸಿದರು. ಮನೆಗೆ ತಂದು ಅದೇ ನಡುಮನೆಯಲ್ಲಿ, ಅದೇ ಜಾಗದಲ್ಲಿ ಮಲಗಿಸಿದರು. ಸಿನಿಮಾದಲ್ಲಿ ಅಳಲು ಬಂದಿದ್ದ ನಾಲ್ಕು ಜನವೂ ಬಂದು ಅತ್ತರು. ನಾನು ಅಳಲಿಲ್ಲ. ಅವರ ಎದೆಯನ್ನೇ ನೋಡುತ್ತ ಕೂತಿದ್ದೆ. ಎಷ್ಟೆಂದು ಹಿಡಿದಾರು, ಈಗ ಏಳುತ್ತದೆ, ಈಗ ನಗುತ್ತಾರೆ ಎಂದು ಕಾಯುತ್ತಿದ್ದೆ. ಚಟ್ಟ ಎತ್ತಿದಾಗ ನಮ್ಮ ಬಾಗಿಲಲ್ಲಿ ಅದು ಎಲ್ಲಿಯೂ ತಗುಲಲಿಲ್ಲ, ಸಲೀಸಾಗಿ ಹೊರಗೆ ಹೋಯಿತು.

ಅವರ ಫೋಟೋಗಳು ಬೇಕಾದಷ್ಟಿವೆ, ಮೈದುನನದೇ ಸ್ಟುಡಿಯೊ ಅಲ್ಲವೆ. ಫೋಟೋದಲ್ಲಿ ಯಾರೂ ಉಸಿರಾಡುವುದಿಲ್ಲ. ಮದುವೆ ವಿಡಿಯೊಗಳಲ್ಲಿ ಬ್ಯಾಂಡಿನವರ ಮೇಲೆ ಕ್ಯಾಮೆರಾ ನಿಲ್ಲುವುದಿಲ್ಲ. ಬದುಕಿದ್ದ ಮುದ್ದರಂಗ ಎದೆ ಏರಿಸಿ ಇಳಿಸುವುದು ಪ್ರಪಂಚದಲ್ಲಿ ಉಳಿದಿದ್ದು ಆ ಲೋಟದ ದೃಶ್ಯದಲ್ಲಿ ಮಾತ್ರ, ಅದೂ ಅವರು ಹೆಣವಾಗಿ ಮಲಗಿದ್ದಾಗ. ತಿಮ್ಮರಾಜುವಿನ ಕಂಪ್ಯೂಟರಿನ ಮುಂದೆ ಕೂತು ನಾನು ಅದನ್ನು ಹಾಕಿಸಿಕೊಂಡು ನೋಡುತ್ತಿದ್ದೆ. ಲೋಟ ಮೇಲೆ ಹೋಗಿ ಇಳಿದು ಟಿಣಿ ಎಂದಾಗ ಧಾರಾಕಾರವಾಗಿ ಅಳು ಬರುತ್ತಿತ್ತು. ಸಾವಿನ ದಿನ ಬಾರದ ಅಳು ಅಲ್ಲಿ ಸಿಗುತ್ತಿತ್ತು. ಮನಸಾರೆ ಅತ್ತು, ಮುಖ ತೊಳೆದುಕೊಂಡು, ಮನೆಗೆ ಬಂದು ಒಲೆ ಹಚ್ಚುತ್ತಿದ್ದೆ. ಹಾಗೆಯೇ ಒಂದು ವರ್ಷ ಬದುಕಿದೆ.

ತಿಮ್ಮರಾಜು ಪಾಪ, ನನ್ನ ಮುಖ ನೋಡಿಕೊಂಡೇ ಸಿನಿಮಾವನ್ನು ಒಳಗಿಟ್ಟಿದ್ದ. ಹೊರಗಿನ ಊರಿನಲ್ಲಿ ಚಿತ್ರೋತ್ಸವವೊಂದಕ್ಕೆ ಕರೆ ಬಂದಾಗ ಮಾತ್ರ ಬಂದು ನನ್ನೆದುರು ನೆಲ ನೋಡುತ್ತ ನಿಂತ.

"ಅತ್ತಿಗೆ, ಒರೆಗೆ ಹಚ್ಚದೆ ಕಳಿಸೋ ಹಂಗಿಲ್ಲ. ನಿಮ್ಗೆ ಬ್ಯಾಡ ಅಂದ್ರೆ ನಂಗೂ ಬ್ಯಾಡ. ಆದ್ರೆ ನನ್ನ ಹತ್ರ ಇರೋದು ಇದೊಂದೇ. ಅಣ್ಣನೂ ಎಷ್ಟು ಆಸೆಯಿಂದ ಮಲಗಿದ್ದ."

"ಒರೆಗೆ ಹಚ್ಚಿದ್ರೆ ಉಸಿರಿನ ಮಾತು ಎತ್ತದೆ ಬಿಡ್ತಾರೇನೋ?" ಎಂದೆ. "ಮೊದಲು ಕಣ್ಣಿಗೆ ಬೀಳೋದೇ ಅದು. ಹೆಣ ಉಸಿರಾಡೋದಕ್ಕಿಂತ ದೊಡ್ಡ ದೋಷ ಇನ್ನೇನಿದೆ."

"ಒಂದು ಕಾಪಿ ಬೇರೆ ಇಟ್ಕೊಂಡ್ರೆ?"

ಅವನು ಕೇಳಿದ್ದು ಸುಮ್ಮನೆ. ಚಾಪೆಯ ಮೇಲೆ ಒಂದು ದೋಷ ಹೇಳಿದರೆ ಎಲ್ಲ ನಕಲುಗಳಿಂದಲೂ ಹೋಗುತ್ತದೆ ಎಂದು ಅವನಿಗೂ ಗೊತ್ತು. ಆದರೂ ನಾನು ಒಪ್ಪಿದೆ. ಅವನಿಗಿರುವುದು ಅದೊಂದು ಸಿನಿಮಾ, ನನಗಿರುವುದು ಅದರೊಳಗಿನ ಒಂದು ಉಸಿರು. ಅವನದನ್ನು ಕಿತ್ತುಕೊಂಡು ನನ್ನದನ್ನು ಉಳಿಸಿಕೊಂಡರೆ ಅವನ ಅಣ್ಣ ಒಪ್ಪುತ್ತಿದ್ದರೇ?

ಒಪ್ಪಿದ ಮೇಲೆ ಕೈಕಟ್ಟಿ ಕೂರಲಿಲ್ಲ. ಚಾಪೆಗೆ ಕೂರುವ ಮೂವರ ಮನೆಗೂ ಹೋದೆ. ಹಿಟ್ಟಿನ ಗಿರಣಿಯ ಅಶ್ವತ್ಥಯ್ಯ, "ತಾಯೀ, ನನ್ನ ನಾಲಿಗೆ ಬಿದ್ದೋದ್ರೂ ಅದನ್ನ ಹೇಳಲ್ಲ, ನೀನು ನಿಶ್ಚಿಂತೆಯಿಂದಿರು" ಎಂದರು. ಬಸ್ಸಿನ ಕಂಡಕ್ಟರ್ ಇಮಾಮ್ ಸಾಬರು, "ಮುದ್ದರಂಗಣ್ಣ ನನ್ನ ಮದುವೇಲಿ ಊದಿದ್ರು ಕಣಕ್ಕ. ಆ ಲೋಟದ ಸುದ್ದಿಗೇ ಹೋಗಲ್ಲ" ಎಂದರು. ಉಳಿದವರು ದಾಕ್ಷಾಯಿಣಮ್ಮ. ಊರಿನಲ್ಲಿ ಅವರ ಕಣ್ಣು ತಪ್ಪಿಸಿ ಒಂದು ಹೊಲಿಗೆಯೂ ಸೊಟ್ಟ ಹೋಗುವಂತಿಲ್ಲ ಎಂಬ ಹೆಸರು ಅವರದು. ಅವರ ಕಾಲು ಹಿಡಿದುಕೊಂಡೆ.

"ಏಳೇ ಹುಚ್ಚಿ" ಎಂದರು. "ನನ್ನ ಗಂಡ ಹೋದಾಗ ಅವರ ಕೆಮ್ಮು ಒಂದು ಸಲ ಕೇಳಿದ್ರೆ ಸಾಕಾಗಿತ್ತು ಅನ್ಸಿತ್ತು ನಂಗೆ. ನಿನ್ನ ಗಂಡನ ಉಸಿರಿಗೆ ನಾನು ಕೈ ಹಾಕಲ್ಲ, ಹೋಗು."

ಒರೆ ನಡೆದದ್ದು ಅಶ್ವತ್ಥಯ್ಯನವರ ಗಿರಣಿಯ ಗೋದಾಮಿನಲ್ಲಿ, ಹಾಡಹಗಲು. ಕಿಟಕಿಗಳಿಗೆಲ್ಲ ತಾಡಪಾಲು ಕಟ್ಟಿ ಕತ್ತಲೆ ಮಾಡಿದ್ದರು. ಊರಿಗೆ ಊರೇ ಬಂದಿತ್ತು. ಅತ್ತೆ ಬರಲಿಲ್ಲ. "ಸತ್ತ ಮಗ ಸತ್ತಂಗೆ ಮಾಡೋದನ್ನ ಯಾವ ಕಣ್ಣಿಂದ ನೋಡ್ಲಿ" ಎಂದು ಮನೆಯಲ್ಲೇ ಉಳಿದರು. ಸಿನಿಮಾ ಓಡಿತು. ಜನ ನಕ್ಕರು, ಲೋಟದ ದೃಶ್ಯ ಬಂದಾಗ ನಗು ಟಕ್ಕನೆ ನಿಂತಿತು. ಸೆರಗುಗಳು ಕಣ್ಣಿಗೆ ಹೋದವು. ಗಂಡಸರು ಹಿಟ್ಟಿನ ಧೂಳಿಗೆ ಕಣ್ಣುರಿ ಎನ್ನುವಂತೆ ಉಜ್ಜಿಕೊಂಡರು. ಲೋಟ ಏಳುವುದನ್ನೂ ಇಳಿಯುವುದನ್ನೂ ಪ್ರತಿಯೊಬ್ಬರೂ ನೋಡಿದರು.

ಚಾಪೆ ಹಾಸಿದರು. ಮೊದಲು ಗುಣ. ಮನೆಯೊಳಗೆ ಹೆಣ ಇಟ್ಟುಕೊಂಡು ಪಾಲಿಗೆ ಕಿತ್ತಾಡುವುದನ್ನು ಇಷ್ಟು ತಣ್ಣಗೆ ತೋರಿಸಿದ್ದು ದೊಡ್ಡದು ಎಂದರು ಅಶ್ವತ್ಥಯ್ಯ. ಯಾರನ್ನೂ ಖಳರನ್ನಾಗಿ ಮಾಡಿಲ್ಲ, ಎಲ್ಲರೂ ನಮ್ಮ ಹಾಗೆಯೇ ಸಣ್ಣ ಮನಸ್ಸಿನವರು, ಅದಕ್ಕೇ ನಗು ಬರುತ್ತದೆ ಎಂದರು ಇಮಾಮ್ ಸಾಬರು. ಹಿರಿಮಗ ಅಪ್ಪನ ಕಾಲ್ಬೆರಳಿಗೆ ತರಕಾರಿ ಚೀಲ ನೇತುಹಾಕಿ, ಭಾರವಾಯಿತೇನೋ ಎಂದು ಅರ್ಧ ಬದನೆಕಾಯಿ ತೆಗೆದಿಡುವುದನ್ನು ದಾಕ್ಷಾಯಿಣಮ್ಮ ನೆನಪಿಟ್ಟು ಹೊಗಳಿದರು. ಹಣವಿಲ್ಲದ್ದು ಈ ಚಿತ್ರಕ್ಕೆ ಒಳ್ಳೆಯದೇ ಆಯಿತು, ಹಣವಿದ್ದಿದ್ದರೆ ಬಾಗಿಲು ಅಗಲ ಮಾಡಿಬಿಡುತ್ತಿದ್ದರು ಎಂದು ಅವರೇ ಸೇರಿಸಿದಾಗ ಜನ ಚಪ್ಪಾಳೆ ತಟ್ಟಿದರು. ತಿಮ್ಮರಾಜು ತಲೆಯೆತ್ತಿ ಕೂತ.

ಆಮೇಲೆ ದೋಷ. ಅಶ್ವತ್ಥಯ್ಯ ಗಂಟಲು ಸರಿಮಾಡಿಕೊಂಡು, ಯಾರೋ ಓಡಿಸಿಕೊಂಡು ಬರುತ್ತಿದ್ದಾರೆ ಎನ್ನುವ ಅವಸರದಲ್ಲಿ ಶುರುಮಾಡಿದರು. ಅಳಲು ಬರುವ ಜನ ಪ್ರತಿ ಸಲವೂ ಅವರೇ ನಾಲ್ವರು. ಒಳಗೆ ಬೆಳಕು ಸಾಲದು. ಮಧ್ಯದಲ್ಲಿ ವಕೀಲ ಬರುವ ಭಾಗ ಎಳೆದಂತಾಗಿದೆ. ನಮ್ಮ ಪದ್ಧತಿಯಂತೆ ಒಬ್ಬೊಬ್ಬರು ಹೇಳಿದ ಮೇಲೆ ಆ ಭಾಗಗಳನ್ನು ಮತ್ತೆ ಹಾಕಿ ನೋಡಿದರು. ಬೆಳಕು ಬಂದಿತ್ತು. ವಕೀಲ ಎರಡೇ ಮಾತಾಡಿ ಎದ್ದು ಹೋದ. ಸಾವಿನ ಮನೆಗೆ ನಮ್ಮ ಊರಿನವರಲ್ಲದ, ಯಾರೂ ಕಂಡರಿಯದ ಹೆಂಗಸರು ಗಂಡಸರು ಬಂದು ಎದೆ ಬಡಿದುಕೊಂಡು ಅತ್ತರು. ನನ್ನ ಪಕ್ಕ ಕೂತಿದ್ದ ನಾಲ್ವರು ನೆರೆಯವರು ತಮ್ಮ ಮುಖ ಇಲ್ಲದ್ದನ್ನು ಕಂಡು ಪೆಚ್ಚಾದರು.

ಇಮಾಮ್ ಸಾಬರೂ ಅದೇ ಅವಸರದಲ್ಲಿ ಸಿಕ್ಕಿದ್ದನ್ನೆಲ್ಲ ಬಾಚಿದರು. ಕ್ಯಾಮೆರಾ ನಡುಗುತ್ತದೆ. ಕೊನೆ ಎರಡು ಸಲ ಬರುತ್ತದೆ. ಸೊಸೆಯ ಪಾತ್ರದವಳು ಕ್ಯಾಮೆರಾ ನೋಡುತ್ತಾಳೆ. ಬ್ಯಾಂಡಿನ ಸಂಗೀತ ಜೋರಾಯಿತು. ಆಮೇಲೆ ನನ್ನ ಕಡೆ ಒಮ್ಮೆ ನೋಡಿ, ಕ್ಷಮಿಸಿ ಎನ್ನುವಂತೆ, "ಲೋಟದ ಸೀನಲ್ಲಿ ಮೈಕಿನ ನೆರಳು ಬೀಳ್ತದೆ. ಯಾರೋ ಹೆಂಗಸು ನಗೋದು ಕೇಳ್ತದೆ" ಎಂದರು. ಮತ್ತೆ ಹಾಕಿದರು. ಅವರ ಎದೆಯ ಮೇಲಿದ್ದ ನನ್ನ ನೆರಳು ಇರಲಿಲ್ಲ. ನನ್ನ ನಗು ಇರಲಿಲ್ಲ. ಒಂಟಿಯಾಗಿ ಮಲಗಿ ಅವರು ಉಸಿರಾಡುತ್ತಿದ್ದರು. ಹೋಗಲಿ ಎಂದುಕೊಂಡೆ. ನಾನು ಹೋದರೇನು, ಅವರು ಉಳಿದರಲ್ಲ.

ಈ ಇಬ್ಬರೂ ಮಾಡಿದ್ದು ನನ್ನ ಮೇಲಿನ ಅಕ್ಕರೆಯಿಂದಲೇ. ಇರುವ ಸಣ್ಣಪುಟ್ಟ ದೋಷಗಳನ್ನೆಲ್ಲ ಹೇಳಿ ಮುಗಿಸಿದರೆ ಉಸಿರಿನ ಮಾತೇ ಬರುವುದಿಲ್ಲ ಎಂದು ಅವರ ಲೆಕ್ಕ. ಮೂರನೆಯವರೊಬ್ಬರು ಬಾಕಿ ಇದ್ದಾರೆ, ಅವರಿಗೂ ಒಂದು ದೋಷ ಬೇಕು ಎಂಬುದನ್ನು ಇಬ್ಬರೂ ಮರೆತಿದ್ದರು. ನಾನೂ ಮರೆತಿದ್ದೆ.

ದಾಕ್ಷಾಯಿಣಮ್ಮನ ಸರದಿ ಬಂತು. "ಶಬ್ದ ಸ್ವಲ್ಪ..." ಎಂದರು. ಶಬ್ದ ಸರಿಯಾಗಿತ್ತು, ಏನೂ ಆಗಲಿಲ್ಲ. "ಹಿರಿಮಗನ ಅಂಗಿ..." ಎಂದರು. ಅಂಗಿ ಚೆನ್ನಾಗಿತ್ತು, ನಾನೇ ಹೊಲಿದದ್ದು. ಮೊದಲಿನಿಂದ ಹಾಕಿ ಎಂದರು, ಹಾಕಿದರು. ಇನ್ನೊಮ್ಮೆ ಎಂದರು. ಒಂದು ನೂಲು ಹೊರಗಿಲ್ಲದ ಹಾಗೆ ಸಿನಿಮಾ ನೆಟ್ಟಗೆ ಕೂತಿತ್ತು. ಅದರಲ್ಲಿ ಉಳಿದದ್ದು ಒಂದೇ ದೋಷ, ಅದು ಬಟ್ಟಲಿನ ಮೇಲೆ ಏಳುತ್ತ ಇಳಿಯುತ್ತಿತ್ತು. ನಾನು ಅವರ ಬಾಯನ್ನೇ ನೋಡುತ್ತಿದ್ದೆ. ಕೈಮುಗಿಯಬೇಕು ಎನಿಸಿತು, ಮನೆಯವರು ಕೈಮುಗಿಯುವುದೂ ಮಾತೇ ಆದೀತೋ ಎಂದು ಸೆರಗಿನೊಳಗೆ ಬೆರಳು ಹೆಣೆದುಕೊಂಡೆ.

ಮತ್ತೆ ಲೋಟದ ದೃಶ್ಯ ಬಂತು. ಟಿಣಿ ಎಂದಿತು. ದಾಕ್ಷಾಯಿಣಮ್ಮನ ಕಣ್ಣಿಂದ ನೀರು ಇಳಿಯಿತು. ಅವರು ಅದನ್ನು ಬೆರಳಲ್ಲಿ ಒರೆಸಿಕೊಂಡರು, ಒದ್ದೆ ಬೆರಳನ್ನು ನೋಡಿದರು, ಅವರ ಮುಖಕ್ಕೆ ಕಳೆ ಬಂತು. ದಾರಿ ಸಿಕ್ಕಿದ ಸಂತೋಷ ಅದು, ನಾನು ಕಣ್ಣಾರೆ ಕಂಡೆ.

"ನಗಿಸೋ ಚಿತ್ರ ಅಂತ ಕರೆದ್ರು" ಎಂದರು. "ಲೋಟ ಕಂಡ್ರೆ ಅಳು ಬರ್ತದೆ. ನಗೋ ಕಡೆ ಅಳಿಸ್ತದೆ. ಅದೇ ಇದರ ದೋಷ."

ಉಸಿರಿನ ಮಾತು ಎತ್ತಲಿಲ್ಲ. ಕೊಟ್ಟ ಮಾತು ಉಳಿಸಿಕೊಂಡರು. ಜನ ಹೋ ಎಂದು ಉಸಿರು ಬಿಟ್ಟರು, ತಿಮ್ಮರಾಜು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ನನಗೂ ಒಂದು ಗಳಿಗೆ ಏನೂ ಹೊಳೆಯಲಿಲ್ಲ. ಉಳಿಯಿತು ಎಂದಷ್ಟೇ ಅಂದುಕೊಂಡೆ. ಪದ್ಧತಿಯಂತೆ ದೃಶ್ಯ ಮತ್ತೆ ಹಾಕಿದರು. ಚಾಪೆ, ಮೂಗಿನ ಹತ್ತಿ, ಬಟ್ಟಲು, ಲೋಟ. ಲೋಟ ನಿಧಾನಕ್ಕೆ ಮೇಲೆ ಹೋಯಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಲೋಟ ಇಳಿಯಿತು. ಪಕ್ಕದ ಹೆಂಗಸು ಬಾಯಿಗೆ ಸೆರಗು ಒತ್ತಿದಳು, ಈ ಸಲ ನಗು ತಡೆಯಲಿಕ್ಕೆ. ಟಿಣಿ ಎಂದದ್ದೇ ತಡ ಇಡೀ ಗೋದಾಮು ಬಿದ್ದು ಬಿದ್ದು ನಕ್ಕಿತು. ಅಶ್ವತ್ಥಯ್ಯ ತೊಡೆ ತಟ್ಟಿಕೊಂಡು ನಕ್ಕರು. ದಾಕ್ಷಾಯಿಣಮ್ಮ ಚಾಪೆಯಿಂದ ಏಳಲಾರದೆ ನಕ್ಕರು. ಎಲ್ಲರಿಗಿಂತ ಜೋರಾಗಿ ಕೇಳಿಸುತ್ತಿದ್ದದ್ದು ನನ್ನ ನಗು.

ಸಿನಿಮಾ ಹೊರಗೆ ಹೋಯಿತು, ಹೆಸರು ಮಾಡಿತು. ಒಂದು ಕುಂದಿಲ್ಲದ ಚಿತ್ರ ಎಂದು ಪತ್ರಿಕೆಯಲ್ಲಿ ಬಂತಂತೆ. ಹೆಣದ ಪಾತ್ರ ಮಾಡಿದವನು ಬೇಕೆಂದೇ ಉಸಿರಾಡುವ ಆ ದೃಶ್ಯದ ಧೈರ್ಯವನ್ನು ಬಹಳ ಮೆಚ್ಚಿದ್ದರಂತೆ. ತಿಮ್ಮರಾಜು ಅದನ್ನು ಓದಿ ಹೇಳಿದ, ಆದರೆ ಓದುವಾಗ ಅವನ ದನಿಯಲ್ಲಿ ಹಿಗ್ಗಿರಲಿಲ್ಲ. ಅವನೂ ಆ ದೃಶ್ಯ ಹಾಕಿ ಹಾಕಿ ನೋಡಿದ್ದಾನೆ ಎಂದು ನನಗೆ ಗೊತ್ತು.

ನಾನು ಈಗಲೂ ಅವನ ಸ್ಟುಡಿಯೊಗೆ ಹೋಗುತ್ತೇನೆ. ಮನೆಯಲ್ಲಿ ಅವರ ಕ್ಲಾರಿಯೊನೆಟ್ ಮುಟ್ಟುತ್ತೇನೆ, ಅಂಗಿ ಮೂಸುತ್ತೇನೆ, ಆದರೆ ಕಣ್ಣಿಗೆ ನೀರು ಬರುವುದಿಲ್ಲ. ಕಣ್ಣಿಗೆ ಬರುತ್ತಿದ್ದದ್ದು ಅಲ್ಲೊಂದೇ ಕಡೆ. ಅಲ್ಲಿ ಕೂತರೆ ಲೋಟ ಏಳುತ್ತದೆ, ನಗು ಬರುತ್ತದೆ. ನಗಬಾರದು ಎಂದು ತುಟಿ ಕಚ್ಚಿ ನೋಡಿದ್ದೇನೆ. ಅವರನ್ನು ಹೊತ್ತೊಯ್ದ ದಿನವನ್ನು ನೆನೆಸಿಕೊಂಡು ನೋಡಿದ್ದೇನೆ. ಪ್ರಯೋಜನವಿಲ್ಲ. ಒಮ್ಮೆ ದಾಕ್ಷಾಯಿಣಮ್ಮನ ಬಳಿಗೆ ಹೋಗಿ, "ಅಳು ಬರಲ್ಲ ಅನ್ನೋದೇ ಈಗ ಅದರ ದೋಷ, ಅದನ್ನ ಹೇಳಿಬಿಡಿ" ಎಂದು ಬೇಡಿದೆ.

"ಒಂದು ವಸ್ತು ಒಂದೇ ಸಲ ಕಣೇ ಚಾಪೆಗೆ ಬರೋದು" ಎಂದರು. ಆಮೇಲೆ ಬಹಳ ಹೊತ್ತು ನನ್ನ ಕೈ ಹಿಡಿದುಕೊಂಡಿದ್ದರು. "ಉಸಿರು ಉಳಿಸಿಕೊಟ್ಟೆ ಅಂತ ಮನೆಗೆ ಹೋಗಿ ದೀಪ ಹಚ್ಚಿದ್ದೆ ನೀಲಾ ನಾನು."

ಮೊನ್ನೆ ಅತ್ತೆ ತಾವಾಗಿಯೇ ಕೇಳಿದರು. ಮಗ ಹೋದಾಗಿನಿಂದ ಅವರು ಅಳದ ದಿನವಿಲ್ಲ. ಕಣ್ಣು ಮಂಜಾಗಿದೆ, ಹೆಚ್ಚು ದಿನ ಕಾಣುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. "ಪೂರ್ತಿ ಮುಚ್ಚೋದ್ರೊಳಗೆ ನನ್ನ ಮಗ ಉಸಿರಾಡೋದನ್ನ ಒಂದ್ಸಲ ನೋಡ್ತೀನಿ ಕಣವ್ವ. ಅವತ್ತು ಬರ್ದೇ ಇದ್ದು ತಪ್ಪು ಮಾಡ್ದೆ" ಎಂದರು. ಒರೆಯಲ್ಲಿ ಏನು ಹೋಯಿತು ಎಂದು ಅವರಿಗೆ ನಾವು ಯಾರೂ ಹೇಳಿರಲಿಲ್ಲ. ಬೇಡ ಅತ್ತೆ ಎಂದೆ. ಹೆತ್ತವಳಿಗೆ ಬೇಡ ಅನ್ನೋಕೆ ನೀನು ಯಾರೇ ಎಂದರು. ಕೈಹಿಡಿದು ಸ್ಟುಡಿಯೊಗೆ ಕರೆದುಕೊಂಡು ಹೋದೆ. ತಿಮ್ಮರಾಜು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದು ಕೂರಿಸಿ, ದೃಶ್ಯ ಹಾಕಿ, ತಾನು ಹೊರಗೆ ಹೋಗಿ ನಿಂತ.

ಅತ್ತೆ ಸೆರಗನ್ನು ಮೊದಲೇ ಕಣ್ಣಿಗೆ ಸಿದ್ಧ ಮಾಡಿಕೊಂಡಿದ್ದರು. ಮಗನ ಮುಖ ಕಂಡ ಕೂಡಲೇ ಪರದೆಯನ್ನು ಅಂಗೈಯಿಂದ ಸವರಿದರು. ಲೋಟ ಮೇಲೆ ಹೋಯಿತು. "ಅಗೋ, ಅಗೋ" ಎಂದರು. ಲೋಟ ಇಳಿಯಿತು. ಅವರ ಭುಜ ಅಲುಗಾಡತೊಡಗಿತು. ಅಳುತ್ತಿದ್ದಾರೆ ಎಂದು ನನ್ನ ಮನಸ್ಸು ಒಂದು ಕ್ಷಣ ಆಸೆಪಟ್ಟಿತು. ಟಿಣಿ ಎಂದಿತು. ಅತ್ತೆ ಬೊಚ್ಚುಬಾಯಿ ತೆರೆದು ಗಹಗಹಿಸಿ ನಕ್ಕರು. ನಕ್ಕು ನಕ್ಕು ಉಸಿರು ಸಿಗದೆ ನನ್ನ ತೋಳು ಹಿಡಿದುಕೊಂಡರು, ತಿರುಗಿ ನನ್ನ ಕಡೆ ನೋಡಿದರು. ಮುಖದ ತುಂಬ ನಗುವಿತ್ತು, ಕಣ್ಣಿನಲ್ಲಿ ಮಾತ್ರ ದಿಗಿಲು.

"ನೀಲಾ, ನಾನ್ಯಾಕೇ ನಗ್ತಾ ಇದ್ದೀನಿ?" ಎಂದು ಕೇಳಿದರು. "ನನ್ನ ಮಗ ಕಣೇ ಅದು. ನಾನ್ಯಾಕೆ ನಗ್ತಾ ಇದ್ದೀನಿ?"

ನಾನು ಉತ್ತರ ಹೇಳಬೇಕೆಂದು ಬಾಯಿ ತೆರೆದೆ. ಆದರೆ ಪರದೆಯ ಮೇಲೆ ಲೋಟ ಮತ್ತೆ ಏಳುತ್ತಿತ್ತು, ನನಗೂ ನಗು ತಡೆಯಲಾಗಲಿಲ್ಲ.